ಜವಳಗಿರಿ ಕಾಡು: ಕೋವಿಯಿಂದ ಕ್ಯಾಮೆರಾಕ್ಕೆ

ಕಾಸರಗೋಡಿನಂತೆ ನಮ್ಮ ತಳಿಯೂ 1956ರ ಗಡಿಗೆರೆಯ ಆಚೆ ಉಳಿದುಹೋದ ಊರು. ಆನೇಕಲ್ ದಾಟಿ ಸ್ವಲ್ಪ ದೂರ ಬಂದರೆ ತಮಿಳುನಾಡಿನ ಈ ಮೂಲೆಯಲ್ಲಿ ಇಂದಿಗೂ ಕನ್ನಡ ಕಿವಿಗೆ ಬೀಳುತ್ತದೆ. ತಂಪು ಹವೆಗೆ ಮಾರುಹೋದ ಬ್ರಿಟಿಷರು ಇದನ್ನು ‘ಲಿಟ್ಲ್ ಇಂಗ್ಲೆಂಡ್’ ಎಂದರಂತೆ. ನಮಗೆ ಮಾತ್ರ ಇದು ರಾಗಿಯ ಊರು, ಆನೆಯ ಊರು.

ಪಕ್ಕದ ಜವಳಗಿರಿ ಕಾಡು ಹೊರಗಿನ ಓದುಗರಿಗೆ ಪರಿಚಯವಾದದ್ದು ಕೋವಿಯ ಮೂಲಕ. ಬೆಂಗಳೂರಿನ ಕೆನೆತ್ ಆಂಡರ್ಸನ್ 1954ರಲ್ಲಿ ಪ್ರಕಟಿಸಿದ ಮೊದಲ ಪುಸ್ತಕದಲ್ಲೇ ಇಲ್ಲಿನ ನರಭಕ್ಷಕ ಹೆಣ್ಣು ಹುಲಿಯ ಕಥೆಯಿದೆ. ಹುಲಿ ಸತ್ತಿತು, ಊರಿನ ಹೆಸರು ಉಳಿಯಿತು! ಆಂಡರ್ಸನ್ನನ ಕಾಡಿನ ಕಥೆಗಳನ್ನು ಕನ್ನಡಕ್ಕೆ ತಂದ ಪೂರ್ಣಚಂದ್ರ ತೇಜಸ್ವಿಯವರು ಮಾತ್ರ ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಅಲೆದವರು.

ಕಾಡಿನಲ್ಲಿ ಕ್ಯಾಮೆರಾ ಹೊಸದೇನಲ್ಲ. ಉತ್ತರ ಭಾರತದ ಅರಣ್ಯಾಧಿಕಾರಿ ಎಫ್. ಡಬ್ಲ್ಯು. ಚಾಂಪಿಯನ್ ದಾರಿಗೆ ಅಡ್ಡಲಾಗಿ ತಂತಿ ಕಟ್ಟಿ, ಹುಲಿ ತಾನೇ ತಾಗಿ ತನ್ನ ಚಿತ್ರ ತೆಗೆದುಕೊಳ್ಳುವಂತೆ ಮಾಡಿದ್ದ. ಆ ಚಿತ್ರಗಳ ಪುಸ್ತಕ 1927ರಲ್ಲೇ ಬಂತು. ಈಗ ತಂತಿಯ ಬದಲು ಮೈಬಿಸಿಯನ್ನು ಗುರುತಿಸುವ ಯಂತ್ರ. ಚಿರತೆಯ ಎಡಬಲ ಚುಕ್ಕೆಗಳು ಬೇರೆಬೇರೆಯಾದ್ದರಿಂದ ದಾರಿಯ ಎರಡೂ ಬದಿಗೆ ಒಂದೊಂದು ಕಟ್ಟುತ್ತಾರೆ. ಕರ್ನಾಟಕದ ಕಾವೇರಿ ವನ್ಯಧಾಮದಲ್ಲಿ ಸಂಜಯ್ ಗುಬ್ಬಿ ಮತ್ತು ಸಂಗಡಿಗರ ಇಂಥ ಕ್ಯಾಮೆರಾಗಳಿಗೇ ತರಕರಡಿ ಸಿಕ್ಕಿದ್ದು. ತಮಿಳುನಾಡಿನ ಕಡೆ 2014ರಲ್ಲಿ ಸುಮಾರು 504 ಚದರ ಕಿಲೋಮೀಟರ್ ಕಾಡು ಕಾವೇರಿ ಉತ್ತರ ವನ್ಯಧಾಮವಾಯಿತು. 2022ರಲ್ಲಿ ಸುಮಾರು 686 ಚದರ ಕಿಲೋಮೀಟರಿನ ದಕ್ಷಿಣ ವನ್ಯಧಾಮ ಸೇರಿತು. ಒಳ್ಳೆಯದೇ ಆಯಿತು, ಸಂತೋಷ.

ಆದರೆ ಒಂದು ಮಾತು. ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಪ್ರದರ್ಶನದಲ್ಲಿ ನಮ್ಮೂರ ಕೆರೆಯ ಆನೆಗಳ ಚಿತ್ರ ನೋಡಿದೆ. ಸಂಜೆಬೆಳಕು, ಮರಿಯಾನೆ, ಹಿಂದೆ ಕಾಡು. ಅಡಿಯಲ್ಲಿ ‘ಮನುಷ್ಯ ಮುಟ್ಟದ ಆದಿಮ ಅರಣ್ಯ’ ಎಂಬ ಬರಹ. ಚಿತ್ರ ನಿಜಕ್ಕೂ ಚೆನ್ನಾಗಿತ್ತು. ಆದರೆ ಆ ಚೌಕಟ್ಟಿನ ಎಡಕ್ಕೆ ನಾಲ್ಕು ಮಾರು ಸರಿದಿದ್ದರೆ ನಮ್ಮ ರಾಗಿ ಹೊಲ ಕಾಣುತ್ತಿತ್ತು. ತೆನೆ ಕಟ್ಟುವ ಕಾಲಕ್ಕೆ ಬನ್ನೇರುಘಟ್ಟದ ಕಡೆಯಿಂದ ಹಿಂಡುಗಳು ಇತ್ತ ಇಳಿಯುತ್ತವೆ. ಆಗೆಲ್ಲ ನಮ್ಮಪ್ಪ ಅಟ್ಟಣೆಯ ಮೇಲೆ ತಮಟೆ, ಪಟಾಕಿ ಇಟ್ಟುಕೊಂಡು ರಾತ್ರಿಯಿಡೀ ಕೂತಿರುತ್ತಿದ್ದರು. ಒಂದು ವರ್ಷ ಬೆಳಗಾಗುವಷ್ಟರಲ್ಲಿ ಅರ್ಧ ಹೊಲ ಹೋಗಿತ್ತು. ಅಪ್ಪ ಆನೆಯನ್ನು ಬೈಯಲಿಲ್ಲ, ‘ಗಣಪ ಉಂಡ’ ಎಂದು ಸುಮ್ಮನಾದರು. ಅವ್ವ ಮಾತ್ರ ಮೂರು ದಿನ ಮಾತಾಡಲಿಲ್ಲ.

ಆ ಅಟ್ಟಣೆಯ ಚಿತ್ರವನ್ನು ಯಾರೂ ತೆಗೆದಂತಿಲ್ಲ. ನಮ್ಮ ಮನೆಯಲ್ಲಂತೂ ಇಲ್ಲ.