ಗಾಳಿ ಸಾಲದ ಆರು ಸಿಲಿಂಡರು

ಘಾಟಿ ಹತ್ತದ ಲಾರಿಗೆ ನಮ್ಮ ಕಡೆ ಮೊದಲು ಕೊಡುತ್ತಿದ್ದ ಔಷಧಿ ಸ್ಕ್ರೂಡ್ರೈವರ್. ಡೀಸೆಲ್ ಪಂಪಿನ ಸೀಲು ಒಡೆದು ಒಂದು ಸ್ಕ್ರೂ ತಿರುಗಿಸಿದರೆ ಸಿಲಿಂಡರಿಗೆ ಡೀಸೆಲ್ ಜಾಸ್ತಿ ಬೀಳುತ್ತಿತ್ತು. ಕೆ.ಆರ್. ನಗರದ ಅಕ್ಕಿ ತುಂಬಿಕೊಂಡು ಮಡಿಕೇರಿ ಕಡೆ ಹೊರಟ ಲಾರಿ ಕಪ್ಪು ಹೊಗೆ ಕಾರುತ್ತ ಹತ್ತುತ್ತಿತ್ತು. ಡ್ರೈವರಿಗೆ ಖುಷಿ. ಡೀಸೆಲ್ ಲೆಕ್ಕ ನೋಡುವ ತನಕ ಓನರಿಗೂ ಖುಷಿ. ಆ ಕಪ್ಪು ಹೊಗೆ ಎಂದರೆ ಸರಿಯಾಗಿ ಉರಿಯದೆ ಹೊರಬಿದ್ದ ಡೀಸೆಲ್ಲು. ಎಂಜಿನ್ನು ಗಾಳಿ ಕೇಳುತ್ತಿತ್ತು, ನಾವು ಎಣ್ಣೆ ಕುಡಿಸುತ್ತಿದ್ದೆವು. ಹುಣಸೂರು ಸೀಮೆಯ ಕಟ್ಟೆಮಳಲವಾಡಿಯ ಷೆಡ್ಡಿನಲ್ಲಿ ನಾನು ಕೆಲಸ ಕಲಿತದ್ದು ಆ ಕಾಲದಲ್ಲಿ.

ಎಳೆಯುವ ಶಕ್ತಿಯ ಲೆಕ್ಕಾಚಾರ ಹುಣಸೂರು ಸೀಮೆಗೆ ಹೊಸದೇನಲ್ಲ. ಬ್ರಿಟಿಷರ ಫಿರಂಗಿ ಎಳೆಯುವ ಎತ್ತುಗಳನ್ನು ಸಾಕುತ್ತಿದ್ದ ಅಮೃತಮಹಲ್ ಇಲಾಖೆ 19ನೇ ಶತಮಾನದಲ್ಲಿ ಇಲ್ಲೇ ಇತ್ತು. ಮೋಟಾರಿನ ಕಾಲ ಬಂದಾಗ ಆರು ಸಿಲಿಂಡರ್ ಎಂಬುದು ಮೊದಮೊದಲು ಅರಮನೆಯವರ, ಕಾಫಿ ತೋಟದ ದೊರೆಗಳ ಸೊತ್ತು. ಅದನ್ನು ಕೆಳಗಿಳಿಸಿದ್ದು ಷೆವ್ರೊಲೆ. ನಾಲ್ಕು ಸಿಲಿಂಡರಿನ ಬೆಲೆಗೆ ಆರು ಕೊಡುತ್ತೇವೆ ಎಂದು 1929ರ ಮಾದರಿಗೆ ಅವರು ಡಂಗುರ ಸಾರಿದ್ದರು. ಅದಕ್ಕೆ ಒಂದು ವರ್ಷ ಮುಂಚೆ, 1928ರಲ್ಲಿ, ಷೆವ್ರೊಲೆಯ ಒಡೆಯ ಕಂಪನಿ ಜನರಲ್ ಮೋಟಾರ್ಸ್ ಮುಂಬಯಿಯಲ್ಲಿ ಬಿಡಿಭಾಗ ಜೋಡಿಸುವ ಕಾರ್ಖಾನೆ ಶುರುಮಾಡಿತ್ತು. ಬೇಗನೆ ಅದೇ ಎಂಜಿನ್ನು ಬಸ್ಸಿನ ಬಾನೆಟ್ಟಿನೊಳಗೂ ಕೂತಿತು.

ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಆ ಬಸ್ಸುಗಳ ಬೆನ್ನಿಗೆ ಇದ್ದಿಲಿನಿಂದ ಗ್ಯಾಸು ಮಾಡುವ ಡ್ರಮ್ಮು ಕಟ್ಟಿದರು. ನಮ್ಮಪ್ಪ ಆಗ ಹುಡುಗ, ಅಂಥ ಒಂದು ಬಸ್ಸಿನ ಕ್ಲೀನರ್. ಬೆಳಗಿನ ಜಾವಕ್ಕೆ ಎದ್ದು ಇದ್ದಿಲು ತುಂಬಿ, ಬ್ಲೋಯರ್ ತಿರುಗಿಸಿ, ಗ್ಯಾಸು ಹೊತ್ತಿಕೊಳ್ಳುವವರೆಗೆ ಕಾಯಬೇಕು. ಆ ಗ್ಯಾಸಿನಲ್ಲಿ ಅರ್ಧದಷ್ಟು ಉರಿಯದ ನೈಟ್ರೋಜನ್ನೇ. ಎಂಜಿನ್ನಿನ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಹೋಗಿಬಿಡುತ್ತಿತ್ತು. ಏರು ಬಂದರೆ ಜನ ಇಳಿದು ನೂಕಬೇಕು. ಟಿಕೆಟ್ಟಿನ ದುಡ್ಡಿನಲ್ಲಿ ನೂಕುವ ಕೂಲಿ ಮುರಿದುಕೊಳ್ಳಿ ಎಂದು ಜಗಳ ತೆಗೆದವರೂ ಇದ್ದರಂತೆ!

ಡೀಸೆಲ್ಲಿನ ಆರು ಸಿಲಿಂಡರು ನಮ್ಮ ರಸ್ತೆಯನ್ನು ಆಳಿದ್ದು ಟಾಟಾದವರು 1954ರಲ್ಲಿ ಮರ್ಸಿಡಿಸ್ ಬೆಂಜ್ ಜೊತೆ ಸೇರಿ ಜಮ್‌ಷೆಡ್‌ಪುರದಲ್ಲಿ ಲಾರಿ ಮಾಡತೊಡಗಿದ ಮೇಲೆ. ಮೊದಲ ಎಂಜಿನ್ನು ನಾಲ್ಕೂವರೆ ಲೀಟರಿನ ಆಸುಪಾಸಿನದು. ಮುಂದೆ 692, ಆಮೇಲೆ 697 ಎಂಬ ಮಾದರಿಗಳು ಬಂದವು. 697 ಅಂದರೆ ಆರು ಸಿಲಿಂಡರು, 97 ಮಿಲಿಮೀಟರ್ ಬೋರು, ಒಟ್ಟು 5,675 ಸಿಸಿ: ಈ ಲೆಕ್ಕ ನಮ್ಮ ಲೇತಿನ ಹುಡುಗರಿಗೂ ಬಾಯಿಪಾಠ. ಪಂಪು, ನಾಜಲ್ ಬೆಂಗಳೂರಿನ ಆಡುಗೋಡಿಯವು. 1951ರಲ್ಲಿ ಹುಟ್ಟಿದ ಮೈಕೋ ಕಂಪನಿಯವು. 697ಕ್ಕೆ ಸಮನಾದ ಗಟ್ಟಿ ಎಂಜಿನ್ನು ನಾನು ಬಿಚ್ಚಿದ್ದರಲ್ಲಿ ಇನ್ನೊಂದಿಲ್ಲ. ಹೊಗೆಸೊಪ್ಪಿನ ಬೇಲು, ಸೊಪ್ಪು ಒಣಗಿಸುವ ಬ್ಯಾರನ್ನಿಗೆ ಸೌದೆ, ಹುಣಸೂರಿನ ಮರದ ದಿಮ್ಮಿ ಎಲ್ಲವನ್ನೂ ಅದು ಹೊತ್ತಿದೆ. 1984ರಲ್ಲಿ ತಂಬಾಕು ಮಂಡಳಿ ರಾಜ್ಯದಲ್ಲಿ ಹರಾಜು ಆರಂಭಿಸಿತು. ಮುಂದೆ ನಮ್ಮೂರ ಹರಾಜು ಮಾರುಕಟ್ಟೆಯ ಮುಂದೆ ಸೀಸನ್ನಿನಲ್ಲಿ ನಿಲ್ಲುತ್ತಿದ್ದ ಲಾರಿಗಳ ಬಾನೆಟ್ ಎತ್ತಿದರೆ ಹೆಚ್ಚಿನವುಗಳಲ್ಲಿ ಇದೇ ಎಂಜಿನ್ನು.

ಗಾಳಿಯ ಕೊರತೆಗೆ ಮದ್ದು ಅಷ್ಟರೊಳಗೆ ಹಳೆಯದಾಗಿತ್ತು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದ. ಸೈಲೆನ್ಸರಿನಲ್ಲಿ ಸುಮ್ಮನೆ ಹೋಗುವ ಬಿಸಿ ಹೊಗೆಯಿಂದ ಒಂದು ಚಕ್ರ ತಿರುಗಿಸುವುದು, ಅದೇ ಷಾಫ್ಟಿನ ಇನ್ನೊಂದು ತುದಿಯ ಚಕ್ರದಿಂದ ಎಂಜಿನ್ನಿಗೆ ಗಾಳಿ ಒತ್ತುವುದು. ಇದೇ ಟರ್ಬೊ. 1918ರಲ್ಲಿ ಅಮೆರಿಕದ ಸ್ಯಾನ್‌ಫೋರ್ಡ್ ಮಾಸ್ ಒಂದು ವಿಮಾನದ ಎಂಜಿನ್ನಿಗೆ ಟರ್ಬೊ ಕಟ್ಟಿ, ಸುಮಾರು 4,300 ಮೀಟರ್ ಎತ್ತರದ ಪೈಕ್ಸ್ ಪೀಕ್ ಬೆಟ್ಟದ ಮೇಲೆ ಓಡಿಸಿ ತೋರಿಸಿದ. ತೆಳು ಗಾಳಿಯಲ್ಲಿ ಕಳೆದುಹೋದ ಶಕ್ತಿ ವಾಪಸ್ಸು ಬಂತು. ನಮ್ಮ ಮಡಿಕೇರಿ ಅಷ್ಟು ಎತ್ತರವಿಲ್ಲ, ಸುಮಾರು 1,170 ಮೀಟರ್. ಆದರೂ ಸಮುದ್ರಮಟ್ಟಕ್ಕೆ ಹೋಲಿಸಿದರೆ ಅಲ್ಲಿ ಗಾಳಿ ನೂರಕ್ಕೆ ಹತ್ತು ಪಾಲಿನಷ್ಟು ತೆಳು. ಲೋಡು ತುಂಬಿದ ಲಾರಿಗೆ ಅದು ಚಿಲ್ಲರೆ ನಷ್ಟವಲ್ಲ.

ನಮ್ಮಲ್ಲಿ ಟರ್ಬೊ ಬಂದದ್ದು ಗುಜರಿಯ ದಾರಿಯಿಂದ. ಆಕ್ಸಿಡೆಂಟ್ ಆದ ಹೊಸ ಲಾರಿಯಿಂದ ಕಳಚಿದ ಬಸವನಹುಳು ಆಕಾರದ ಆ ಗಡ್ಡೆಯನ್ನು ಹಳೆಯ 697ಕ್ಕೆ ಕೂರಿಸಿ ಎಂದು ಓನರುಗಳು ತಂದುಕೊಡುತ್ತಿದ್ದರು. ಮ್ಯಾನಿಫೋಲ್ಡಿಗೆ ಫ್ಲಾಂಜು ವೆಲ್ಡ್ ಮಾಡು, ಆಯಿಲ್ ಪ್ರೆಷರ್ ಲೈನಿನಿಂದ ಒಂದು ಕವಲು ತೆಗೆ, ಕೆಳಗಿಳಿಯುವ ಆಯಿಲಿಗೆ ಸಂಪಿನಲ್ಲಿ ತೂತು ಕೊರೆ, ರಬ್ಬರ್ ಹೋಸು, ಕ್ಲಿಪ್ಪು. ಕೈಕೆಲಸ ಇಷ್ಟೇ. ಖರ್ಚು ಆಮೇಲೆ ಗೊತ್ತಾಗುತ್ತಿತ್ತು. ಬೀಡಿನ ಮ್ಯಾನಿಫೋಲ್ಡಿಗೆ ಹಾಕಿದ ವೆಲ್ಡು ಬಿಸಿಗೆ ಸೀಳು ಬಿಡುತ್ತದೆ. ಗಾಳಿ ಬಂತೆಂದು ಪಂಪ್ ಏರಿಸಿದರೆ ಪಿಸ್ಟನ್ ತಲೆ ಕಾಯುತ್ತದೆ. ಕಂಪನಿಯ ಟರ್ಬೊ ಎಂಜಿನ್ನಿನಲ್ಲಿ ಪಿಸ್ಟನ್ನೇ ಬೇರೆ. ಹೆಡ್ ಗ್ಯಾಸ್ಕೆಟ್, ರೇಡಿಯೇಟರ್, ಕ್ಲಚ್ ಪ್ಲೇಟು ಒಂದಾದ ಮೇಲೊಂದು ದುಡ್ಡು ಕೇಳುತ್ತವೆ. ಎಲ್ಲಕ್ಕಿಂತ ದೊಡ್ಡ ಸಮಸ್ಯೆ ಅಭ್ಯಾಸದ್ದು. ಆ ಷಾಫ್ಟು ನಿಮಿಷಕ್ಕೆ ಹತ್ತಿರ ಹತ್ತಿರ ಒಂದು ಲಕ್ಷ ಸುತ್ತು ತಿರುಗುತ್ತದೆ, ತೇಲುವುದು ಬರೀ ಆಯಿಲಿನ ಮೇಲೆ. ಏರು ಹತ್ತಿದ ಕೂಡಲೆ ಟೀ ಅಂಗಡಿ ಮುಂದೆ ಎಂಜಿನ್ ಆಫ್ ಮಾಡಿದರೆ ಕಾದ ಬೇರಿಂಗಿಗೆ ಆಯಿಲ್ ನಿಂತುಹೋಗುತ್ತದೆ. ಎರಡು ನಿಮಿಷ ಸ್ಲೋನಲ್ಲಿ ಬಿಡಪ್ಪ ಎಂದರೆ, ಡೀಸೆಲ್ ನೀನು ಕೊಡ್ತೀಯಾ ಅನ್ನುವರು.

ಇಡೀ ಟರ್ಬೊ ಎಂಜಿನ್ನನ್ನೇ ಗುಜರಿಯಿಂದ ತಂದು ಇಳಿಸಿದವರು ಉಳಿದುಕೊಂಡರು. ಬಿಡಿ ಟರ್ಬೊ ಕಟ್ಟಿಸಿದವರಲ್ಲಿ ಹೆಚ್ಚಿನವರು ಅದನ್ನು ಬಿಚ್ಚಿಸಿದರು. ಟಾಟಾ ಮತ್ತು ಕಮ್ಮಿನ್ಸ್ 1993ರಲ್ಲಿ ಕೂಡಿದ ಮೇಲೆ ಬಂದ 5.9 ಲೀಟರಿನ ಆರು ಸಿಲಿಂಡರ್ ಎಂಜಿನ್ನು ಗಾತ್ರದಲ್ಲಿ 697ರ ಹತ್ತಿರದ್ದೇ, ಟರ್ಬೊಗೆಂದೇ ಎರಕ ಹೊಯ್ದದ್ದು. 2000ದಿಂದ ಹೊಗೆಯ ನಿಯಮ ಬಿಗಿಯಾಗುತ್ತ ಹೋಯಿತು, ಟರ್ಬೊ ಇಲ್ಲದ ಹೊಸ ಲಾರಿ ಅಪರೂಪವಾಯಿತು. ಷೆಡ್ಡಿನ ಪ್ರಯೋಗಗಳು ಅಲ್ಲಿಗೆ ನಿಂತವು.

ಈಗ ಅದೇ ಆಸೆ ಹಳೆಯ ಕಾರಿನವರಿಗೆ ಹತ್ತಿದೆ. ಪೆಟ್ರೋಲ್ ಕಾರಿನ ಕಥೆ ಇನ್ನೂ ಕಷ್ಟ. ಒತ್ತಿದ ಗಾಳಿ ಪೆಟ್ರೋಲಿನ ಜೊತೆ ಬಿಸಿಯಾಗಿ ಹೊತ್ತಿಗೆ ಮುಂಚೆ ಸಿಡಿದರೆ ಪಿಸ್ಟನ್ ತೂತಾಗುತ್ತದೆ. 1962ರಲ್ಲಿ ಷೆವ್ರೊಲೆಯವರೇ ಆರು ಸಿಲಿಂಡರಿನ ಕಾರ್ವೇರ್ ಕಾರಿಗೆ ಟರ್ಬೊ ಹಾಕಿದಾಗ ಕಂಪ್ರೆಷನ್ನನ್ನು ಒಂಬತ್ತರಿಂದ ಎಂಟಕ್ಕೆ ಇಳಿಸಬೇಕಾಯಿತು. ಅದೇ ವರ್ಷದ ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್ ಕಂಪ್ರೆಷನ್ ಇಳಿಸದೆ, ಸಿಡಿತ ತಡೆಯಲು ನೀರು ಮತ್ತು ಮೆಥನಾಲ್ ಬೆರೆಸಿ ಸಿಂಪಡಿಸುವ ಉಪಾಯ ಮಾಡಿತ್ತು. ಆ ನೀರು ತುಂಬಿಸಲು ಜನ ಮರೆತರು, 1963ರಲ್ಲಿ ಕಾರೇ ನಿಂತುಹೋಯಿತು.

ಹಳೆಯ ಆರು ಸಿಲಿಂಡರಿನ ಕಾರು ಇಟ್ಟುಕೊಂಡವರಿಗೆ ನನ್ನ ಮಾತು ಇಷ್ಟು: ಮೊದಲು ಆರೂ ಸಿಲಿಂಡರಿನ ಕಂಪ್ರೆಷನ್ ಅಳೆಸಿ. ಒಂದು ಕಡಿಮೆ ಬಂದರೂ ಟರ್ಬೊದ ದುಡ್ಡನ್ನು ರಿಂಗು, ವಾಲ್ವು, ಬೋರಿಗೆ ಹಾಕಿ. ಕಳೆದುಹೋದ ಶಕ್ತಿ ಅರ್ಧಕ್ಕರ್ಧ ಅಲ್ಲೇ ಸಿಗುತ್ತದೆ. ಅದಾದ ಮೇಲೂ ಆಸೆ ಬಿಡದಿದ್ದರೆ, ಸ್ಪ್ಯಾನರ್ ಹಿಡಿಯುವ ಮುಂಚೆ ಹುಣಸೂರಿನ ಆರ್‌ಟಿಒ ಕಚೇರಿಗೆ ಹೋಗಿ ಕೇಳಿಕೊಂಡು ಬನ್ನಿ. ತಯಾರಕರು ಬರೆದುಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಬದಲಾಯಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ.