ಸೂರಿಗೆ ಸಿಕ್ಕಿಸಿದ ಲೋಟ

ಮಧ್ಯಾಹ್ನದ ಟೀ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಇಂಗ್ಲೆಂಡಿನ ಬೆಡ್‌ಫರ್ಡ್ ಡಚೆಸ್ ಅನ್ನಾಳಿಂದ ಸುರು ಮಾಡುತ್ತಾರೆ. 1840ರ ಸುಮಾರಿಗೆ ಆಕೆಗೆ ಸಂಜೆಯೂಟದ ತನಕ ಹಸಿವು ತಡೆಯಲಾಗಲಿಲ್ಲವಂತೆ. ಆಮೇಲೆ ಕಪ್ಪು, ಬಸಿ, ಕೆಟಲು, ಬೆಳ್ಳಿ ಚಮಚದ ವರ್ಣನೆ. ನನ್ನ ಚರಿತ್ರೆ ನಮ್ಮೂರ ಹೋಟ್ಲಿನ ಸೂರಿನಿಂದ ಸುರುವಾಗಬೇಕು. ಅಲ್ಲಿ ನಮ್ಮ ಕೇರಿಯವರ ಲೋಟ ಸಿಕ್ಕಿಸಿರುತ್ತಿತ್ತು. ಅಪ್ಪ ತಾನೇ ಇಳಿಸಿ, ತೊಳೆದು ಹಿಡಿಯಬೇಕು; ಹೋಟ್ಲಿನವನು ಮುಟ್ಟದಂಗೆ ಮೇಲಿಂದ ಹುಯ್ಯಬೇಕು. ಕುಡಿದ ಮೇಲೆ ಮತ್ತೆ ತೊಳೆದು ಅಲ್ಲೇ ಸಿಕ್ಕಿಸಬೇಕು. ಅಜ್ಜನ ಕಾಲಕ್ಕೆ ಅದೂ ಇರಲಿಲ್ಲ, ತೆಂಗಿನ ಚಿಪ್ಪು. ಕಾಸು ಮಾತ್ರ ಎಲ್ಲರಿಗೂ ಒಂದೇ.

ಟೀ ನಮ್ಮ ಶಾಸ್ತ್ರಪುರಾಣಗಳ ಪದಾರ್ಥವಲ್ಲ. ತೋಟದ ಸಾಹೇಬರು 1903ರ ಟೀ ಸೆಸ್ ಕಾನೂನಿನ ದುಡ್ಡಿನಲ್ಲಿ ಪ್ರಚಾರ ಮಾಡಿ, ಅದರಲ್ಲೂ 1930ರ ದಶಕದಲ್ಲಿ ಹೊರಗೆ ಬೆಲೆ ಬಿದ್ದಾಗ, ನಮ್ಮ ಜನಕ್ಕೆ ರೂಢಿ ಹಿಡಿಸಿದ ಸರಕು. ಯಾರ ಲೋಟ ಯಾರು ಮುಟ್ಟಬಾರದು ಅಂತ ಯಾವ ಸ್ಮೃತಿಯೂ ಟೀ ಬಗ್ಗೆ ಬರೆದಿರಲಿಲ್ಲ. ಹಾಗಾದರೆ ಎರಡು ಲೋಟದ ಪದ್ಧತಿಯನ್ನು 'ಹಳೇ ಸಂಪ್ರದಾಯ' ಅನ್ನುವ ವಿಮರ್ಶಕರಿಗೆ ಏನು ಹೇಳುವುದು? ಅದು ಹೊಸದಾಗಿ, ಕಣ್ಣೆದುರಿಗೆ, ಗಲ್ಲಾಪೆಟ್ಟಿಗೆ ಪಕ್ಕದಲ್ಲಿ ಹುಟ್ಟಿದ್ದು.

ಇನ್ನೊಂದು ತಮಾಷೆ ಇದೆ. ದೊಡ್ಡವರ ಮನೆಯ ಬೋನ್ ಚೈನಾ ಕಪ್ಪಿನ ಮಣ್ಣಿನಲ್ಲಿ ಹೆಚ್ಚುಕಮ್ಮಿ ಅರ್ಧ ದನದ ಮೂಳೆಯ ಬೂದಿ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಸ್ಪೋಡ್ ಹದ ಮಾಡಿದ ಪಾಕ ಅದು. ಸತ್ತ ದನ ಎತ್ತಿದವನು ಮೈಲಿಗೆ. ಅದರ ಮೂಳೆ ತುಟಿಗೆ ತಾಗಿದರೆ ಅಂತಸ್ತು!

ಸಂವಿಧಾನದ 15ನೇ ವಿಧಿ ಹೋಟೆಲಿನ ಬಾಗಿಲು ತೆಗೆಸಿತು. ಅಷ್ಟು ಸಾಲಲಿಲ್ಲ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯ 4ನೇ ಸೆಕ್ಷನ್ನು ಹೋಟೆಲಿನ ಪಾತ್ರೆಪಗಡಿಯನ್ನೂ ಹೆಸರಿಸಿ ಹೇಳಬೇಕಾಯಿತು. ಇದೇ ಕಾಯಿದೆಗೆ 1976ರಲ್ಲಿ ನಾಗರಿಕ ಹಕ್ಕುಗಳ ರಕ್ಷಣೆ ಅಂತ ಹೆಸರು ಬದಲಾಯಿತು. ಆ ದಶಕದಲ್ಲೇ ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ದಲಿತ ಸಂಘರ್ಷ ಸಮಿತಿ ಎದ್ದಿತು. ಹೋಟ್ಲಿನ ಒಳಗೆ ಹೋಗಿ ಕೂರುವುದೂ ಹೋರಾಟವಾಯಿತು. ಆಮೇಲೆ ಕೆಲವು ಊರುಗಳಲ್ಲಿ ಸೂರಿನ ಲೋಟ ಮಾಯವಾಗಿ ನಮ್ಮವರ ಕೈಗೆ ಮಾತ್ರ ಪ್ಲಾಸ್ಟಿಕ್ ಲೋಟ ಬಂತು. ಕುಡಿದು ಎಸೆಯುವುದು, ಸಾಕ್ಷಿಯೂ ತಿಪ್ಪೆಗೆ.

ಈಗ ನಾನಿರುವುದು ಬೆಂಗಳೂರಿನ ಶ್ರೀಗಂಧದ ಕಾವಲಿನಲ್ಲಿ. ಹೆಸರಲ್ಲಿ ಗಂಧವೂ ಇದೆ, ಕಾವಲೂ ಇದೆ. ಮೂರು ಗಂಟೆಗೆ ಗಾರೆಯವರು, ಆಟೋದವರು ಅಂಗಡಿ ಮುಂದೆ ಬೈಟೂ ಟೀ ಹಂಚಿಕೊಳ್ಳುತ್ತಾರೆ. ಒಮ್ಮೆ ಅಪ್ಪ ಬಂದಿದ್ದಾಗ ಕುಡಿದ ಗಾಜಿನ ಲೋಟ ಹಿಡಿದು ನಲ್ಲಿ ಹುಡುಕಿದ. 'ಇಟ್ಬುಡು ತಾತ, ನಾವ್ ತೊಳ್ಕೋತೀವಿ' ಅಂದ ಹುಡುಗ. ಅಪ್ಪನಿಗೆ ಲೋಟ ಇಡೋಕೆ ಕೈ ಬರಲಿಲ್ಲ. ಈಗ ಅಲ್ಲೂ ಪೇಪರ್ ಕಪ್ಪು ಬಂದಿದೆ. ನನಗೆ ಕೊಟ್ಟಾಗ ಮೊದಲು ಪಕ್ಕದವನ ಕೈಯಲ್ಲಿ ಏನಿದೆ ಅಂತ ನೋಡುತ್ತೇನೆ.