ಸಿತ್ರಾದ ರೂಮಿನಲ್ಲಿ ಲಿನಕ್ಸ್: ಕನ್ನಡದ ಗಣಕ ನಡೆದು ಬಂದ ದಾರಿ

ಸಿತ್ರಾ ಎಂದೊಡನೆ ಬಹರೈನಿನ ಕನ್ನಡಿಗರಿಗೆ ನೆನಪಾಗುವುದು ರಿಫೈನರಿಯ ಚಿಮಣಿ, ಎಣ್ಣೆ ಟ್ಯಾಂಕುಗಳ ಸಾಲು, ಗ್ಯಾರೇಜು, ವರ್ಕ್‌ಶಾಪು. ಒಂದು ಕಾಲಕ್ಕೆ ಇದು ಖರ್ಜೂರದ ತೋಟಗಳ, ಸಿಹಿನೀರಿನ ಬುಗ್ಗೆಗಳ ದ್ವೀಪವಾಗಿತ್ತು. 1932ರಲ್ಲಿ ಈ ದೇಶದಲ್ಲಿ ಎಣ್ಣೆ ಸಿಕ್ಕಿತು, 1936ರಲ್ಲಿ ರಿಫೈನರಿ ಶುರುವಾಯಿತು, ಆಮೇಲಿನದು ಎಲ್ಲರಿಗೂ ಗೊತ್ತಿರುವ ಕಥೆ. ನಾವು ಇಲ್ಲಿ ಬರೆಯಹೊರಟಿರುವುದು ಆ ದೊಡ್ಡ ಇತಿಹಾಸದ ಮಗ್ಗುಲಲ್ಲಿರುವ ಒಂದು ಚಿಕ್ಕ ಇತಿಹಾಸ. ಡ್ಯೂಟಿ ಮುಗಿಸಿ ರೂಮಿಗೆ ಬಂದ ನಮ್ಮವನೊಬ್ಬ ಮಂಚದ ಮೇಲೆ ಕುಳಿತು ಊರಿಗೆ ಕನ್ನಡದಲ್ಲೇ ನಾಲ್ಕು ಸಾಲು ಟೈಪ್ ಮಾಡಿ ಕಳಿಸುತ್ತಾನಲ್ಲ, ಅದು ಸಾಧ್ಯವಾದದ್ದು ಹೇಗೆ, ಯಾರ ಶ್ರಮದಿಂದ ಎಂಬುದು.

ಹಿರಿಯರಿಗೆ ನೆನಪಿದ್ದೀತು. ಎಪ್ಪತ್ತು, ಎಂಬತ್ತರ ದಶಕದಲ್ಲಿ ಊರಿಗೆ ಹೋಗುತ್ತಿದ್ದದ್ದು ಕೈಬರಹದ ಕಾಗದ. ಅಕ್ಷರ ಬಾರದವರಿಗೆ ರೂಮಿನಲ್ಲಿ ಒಬ್ಬ ಬರೆದುಕೊಡುವವನಿರುತ್ತಿದ್ದ. ಕೆಲವರು ಟೇಪ್ ರೆಕಾರ್ಡರಿನ ಮುಂದೆ ಕುಳಿತು ಅಮ್ಮನಿಗೆ, ಹೆಂಡತಿಗೆ ಹೇಳಬೇಕಾದ್ದನ್ನೆಲ್ಲ ಹೇಳಿ, ಊರಿಗೆ ಹೊರಟವರ ಕೈಯಲ್ಲಿ ಕ್ಯಾಸೆಟ್ ಕಳಿಸುತ್ತಿದ್ದರು. 1995ರ ಸುಮಾರಿಗೆ ಬಹರೈನಿಗೆ ಇಂಟರ್ನೆಟ್ ಬಂತು. ಇಮೇಲ್ ಬಂತು, ಆದರೆ ಕನ್ನಡ ಬರಲಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಮಾತನ್ನು ಬರೆಯುವ ಪದ್ಧತಿ ಆಗ ಹುಟ್ಟಿತು. ಅಲ್ಲಿ 'ಹಾಲು' ಯಾವುದು, 'ಹಳು' ಯಾವುದು ಎಂದು ಓದುವವರೇ ಊಹಿಸಿಕೊಳ್ಳಬೇಕು. ಏಳನೇ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ ಓದಿದ ತಾಯಿಗೆ ಕಾಗದವಾದರೆ ಓದಲು ಬರುತ್ತಿತ್ತು, ಇಮೇಲ್ ಬಂದ ಮೇಲೆ ಓದಿಸಿಕೊಳ್ಳಬೇಕಾಯಿತು. ತಂತ್ರಜ್ಞಾನ ಮುಂದೆ ಹೋದಾಗ ಎಲ್ಲರೂ ಒಟ್ಟಿಗೆ ಮುಂದೆ ಹೋಗುತ್ತಾರೆ ಎಂದು ನಾವು ನಂಬದಿರುವುದಕ್ಕೆ ಈ ಇಮೇಲ್ ಕಾಲವೇ ಕಾರಣ.

ಹಾಗಾದರೆ ಆಗ ಕಂಪ್ಯೂಟರಿನಲ್ಲಿ ಕನ್ನಡ ಇರಲೇ ಇಲ್ಲವೇ? ಇತ್ತು, ಬೀಗದೊಳಗೆ ಇತ್ತು. ಪುಣೆಯ ಸಿ-ಡ್ಯಾಕ್ ಸಂಸ್ಥೆ ಜಿಸ್ಟ್ ಎಂಬ ಕಾರ್ಡು ಮಾಡಿತ್ತು. ಕಂಪ್ಯೂಟರಿನ ಡಬ್ಬಿ ಬಿಚ್ಚಿ ಅದನ್ನು ಒಳಗೆ ಕೂರಿಸಿದರೆ ತೆರೆಯ ಮೇಲೆ ಭಾರತೀಯ ಲಿಪಿಗಳು ಮೂಡುತ್ತಿದ್ದವು. ಅಂದರೆ ಕನ್ನಡ ಬೇಕಾದವರು ಬೇರೆ ಯಂತ್ರಾಂಶವನ್ನೇ ಕೊಳ್ಳಬೇಕು. ಮುದ್ರಣಾಲಯಗಳಿಗೆಂದು ಬಂದ ತಂತ್ರಾಂಶಗಳ ಜೊತೆಗೆ 'ಡಾಂಗಲ್' ಬರುತ್ತಿತ್ತು. ಬೆರಳುದ್ದದ ಅದನ್ನು ಪ್ರಿಂಟರಿನ ಪೋರ್ಟಿಗೆ ಚುಚ್ಚಿದ್ದರೆ ಮಾತ್ರ ತಂತ್ರಾಂಶ ನಡೆಯುತ್ತದೆ, ಕಿತ್ತರೆ ನಿಲ್ಲುತ್ತದೆ. ಪ್ರೆಸ್ಸಿನ ಯಜಮಾನರು ಸಂಜೆ ಮನೆಗೆ ಹೋಗುವಾಗ ಅದನ್ನು ಕಿತ್ತು ಕಿಸೆಯಲ್ಲಿ ಹಾಕಿಕೊಂಡರೆ ಕನ್ನಡವೂ ಅವರ ಜೊತೆ ಮನೆಗೆ ಹೋದಂತೆಯೇ. ಕಂಪನಿಗಳಿಗೂ ಹೊಟ್ಟೆ ಇದೆ, ಅವರನ್ನು ದೂರಿ ಫಲವಿಲ್ಲ. ಆದರೆ ಸಂಬಳದ ಅರ್ಧ ಊರಿಗೆ ಕಳಿಸುವವನು ತನ್ನ ಲಿಪಿಯನ್ನು ದುಡ್ಡು ಕೊಟ್ಟು ಕೊಳ್ಳುವುದು ಆಗದ ಮಾತಾಗಿತ್ತು.

ಈ ಬೀಗ ತೆಗೆದವರಲ್ಲಿ ಮೊದಲು ಹೇಳಬೇಕಾದ ಹೆಸರು ನಮ್ಮ ಕರಾವಳಿಯದೇ. ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಪದ್ಮನಾಭ ರಾವ್, ಎಲ್ಲರ ಬಾಯಲ್ಲಿ ಕೆ.ಪಿ. ರಾವ್. ಮುದ್ರಣದ ಅಕ್ಷರಗಳ ಜೊತೆ ದಶಕಗಳ ಕಾಲ ಕೆಲಸ ಮಾಡಿದವರು. ಕನ್ನಡದ ಸುಮಾರು ಐವತ್ತು ಅಕ್ಷರ, ಪ್ರತಿ ವ್ಯಂಜನಕ್ಕೂ ಕಾಗುಣಿತ, ಅದರ ಮೇಲೆ ಒತ್ತು ಎಲ್ಲವನ್ನೂ ಲೆಕ್ಕ ಹಾಕಿದರೆ ಸಾವಿರಾರು ರೂಪಗಳಾಗುತ್ತವೆ. ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳಲ್ಲಿ ಇದನ್ನು ಕೂರಿಸುವುದು ಹೇಗೆ? ರಾವ್ ಅವರು ಅಕ್ಷರದ ಆಕಾರ ಬಿಟ್ಟು ಉಚ್ಚಾರಣೆಯನ್ನು ಹಿಡಿದರು. 'ಕೆ' ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಒತ್ತಕ್ಷರ ಬೇಕಾದರೆ ನಡುವೆ 'ಎಫ್' ಎಂಬ ಕೊಂಡಿ. 'ಸಿತ್ರಾ' ಎಂದು ಬರೆಯಲು ಎಸ್, ಐ, ಟಿ, ಎಫ್, ಆರ್, ಕೊನೆಗೆ ಶಿಫ್ಟ್ ಹಿಡಿದು ಎ. ಆರು ಕೀಲಿ, ಅಷ್ಟೇ. ಕನ್ನಡ ವ್ಯಾಕರಣ ಗೊತ್ತಿರುವವರು ಮಾತ್ರ ಮಾಡಬಹುದಾದ ಕೆಲಸ ಇದು. ತಮ್ಮ ತಂತ್ರಾಂಶಕ್ಕೆ ಅವರಿಟ್ಟ ಹೆಸರು 'ಸೇಡಿಯಾಪು', ಪಂಡಿತ ಸೇಡಿಯಾಪು ಕೃಷ್ಣ ಭಟ್ಟರ ನೆನಪಿಗೆ. ಅದನ್ನು ಅವರು ಮಾರಲಿಲ್ಲ, ಹಂಚಿದರು. ಈ ಕೀಲಿಮಣೆಯ ವಿನ್ಯಾಸವನ್ನೇ ಸ್ವಲ್ಪ ಬದಲಾವಣೆಯೊಂದಿಗೆ ಕರ್ನಾಟಕ ಸರಕಾರ ಅಧಿಕೃತ ಎಂದು ಒಪ್ಪಿಕೊಂಡಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ನೀಡಿತು.

1998ರಲ್ಲಿ ಅಮೆರಿಕದಲ್ಲಿದ್ದ ಶೇಷಾದ್ರಿವಾಸು ಚಂದ್ರಶೇಖರನ್ 'ಬರಹ' ತಂತ್ರಾಂಶವನ್ನು ಹೊರತಂದರು. ಕಡಲಾಚೆಯ ಕನ್ನಡಿಗರಿಗೆ ಅದು ಹಬ್ಬವೇ ಆಯಿತು. ಮುಂದೆ ಕನ್ನಡ ಗಣಕ ಪರಿಷತ್ತು ಸರಕಾರಕ್ಕಾಗಿ 'ನುಡಿ' ಮಾಡಿತು, ಅದೂ ಪುಕ್ಕಟೆ. ಗಲ್ಫಿನ ಸಂಘಗಳ ಆಮಂತ್ರಣ ಪತ್ರಿಕೆ, ಬ್ಯಾನರು, ಸ್ಮರಣ ಸಂಚಿಕೆಗಳೆಲ್ಲ ಇವೆರಡರ ಹೆಗಲ ಮೇಲೆ ಕುಳಿತೇ ಬಂದವು ಎಂದರೆ ಹೆಚ್ಚಲ್ಲ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ, ಅದರಿಂದ ಅವರಿಗೆ ಗೊಂದಲ. ನಮ್ಮಲ್ಲಿ ಎರಡು ಪದಗಳಿವೆ: ಪುಕ್ಕಟೆ ಬೇರೆ, ಮುಕ್ತ ಬೇರೆ. ಪುಕ್ಕಟೆ ಎಂದರೆ ದುಡ್ಡು ಕೊಡಬೇಕಾಗಿಲ್ಲ. ಮುಕ್ತ ಎಂದರೆ ಅದರ ಒಳಗನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ತಿದ್ದಿದ್ದನ್ನು ಇನ್ನೊಬ್ಬರಿಗೆ ಕೊಡಬಹುದು. ಅಮೆರಿಕದ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಇದೇ ವಾದ ಹಿಡಿದು ಗ್ನೂ ಯೋಜನೆಯನ್ನು ಘೋಷಿಸಿದರು. 1991ರ ಆಗಸ್ಟಿನಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್, ತಾನು ಹವ್ಯಾಸಕ್ಕೆ ಒಂದು ಆಪರೇಟಿಂಗ್ ಸಿಸ್ಟಮ್ ಬರೆಯುತ್ತಿದ್ದೇನೆ ಎಂದು ಜಗತ್ತಿಗೆ ತಿಳಿಸಿದ. ಅದೇ ಲಿನಕ್ಸ್. ನಮಗೆ 1991 ಎಂದರೆ ಗಲ್ಫ್ ಯುದ್ಧದ ವರ್ಷ. ಊರಿನವರು ಟಿವಿ ಮುಂದೆ ಕುಳಿತು ನಮಗಾಗಿ ಹರಕೆ ಹೊತ್ತ ವರ್ಷ. ಅದೇ ವರ್ಷದ ಅಕ್ಟೋಬರಿನಲ್ಲಿ ಯೂನಿಕೋಡಿನ ಮೊದಲ ಆವೃತ್ತಿಯೂ ಬಂತು. ಅದರಲ್ಲಿ ಕನ್ನಡಕ್ಕೆಂದೇ 128 ಸ್ಥಾನಗಳ ಒಂದು ಸಾಲು ಮೀಸಲಾಯಿತು.

ಆ 128 ಸ್ಥಾನಗಳ ಬೆಲೆ ನಮಗೆ ಗೊತ್ತಾದದ್ದು ತಡವಾಗಿ. ಹಳೆಯ ಕನ್ನಡ ಫಾಂಟುಗಳಲ್ಲಿ ನಡೆಯುತ್ತಿದ್ದದ್ದು ಒಂದು ರೀತಿಯ ವೇಷ. ಕಡತದೊಳಗೆ ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಖ್ಯೆ. ಫಾಂಟು ಅದಕ್ಕೆ ಕನ್ನಡದ ಬಟ್ಟೆ ತೊಡಿಸುತ್ತಿತ್ತು. ಅದೇ ಫಾಂಟು ಇರುವ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡ, ಇಲ್ಲದ ಕಡೆ ತಲೆಯ ಮೇಲೆ ಗೆರೆ, ಚುಕ್ಕೆ ಹೊತ್ತ ವಿಚಿತ್ರ ಅಕ್ಷರಗಳು. ಹುಡುಕಲು ಆಗದು, ಅಕಾರಾದಿಯಾಗಿ ಜೋಡಿಸಲು ಆಗದು. ಒಬ್ಬನೇ ಸ್ಪಾನ್ಸರನ ವೀಸಾದ ಮೇಲೆ ನಿಂತ ಕೆಲಸದಂತೆ, ಅವನಿರುವವರೆಗೆ ಅದೂ ಇರುತ್ತದೆ. ಯೂನಿಕೋಡಿನಲ್ಲಿ 'ಕ' ಎಂಬುದಕ್ಕೆ ಅದರದ್ದೇ ಸಂಖ್ಯೆ; ಯಾವ ಕಂಪನಿಯ ಯಂತ್ರದಲ್ಲಿ ತೆರೆದರೂ ಅದು 'ಕ' ಆಗಿಯೇ ಇರುತ್ತದೆ. 

ಲಿನಕ್ಸು ಮತ್ತು ಕನ್ನಡ ಬೆಂಗಳೂರಿನಲ್ಲೇ ಒಮ್ಮೆ ಕೈಹಿಡಿದಿದ್ದವು, ಅದನ್ನು ಇಂದಿನ ಹುಡುಗರು ಕೇಳಿರಲಿಕ್ಕಿಲ್ಲ. 2001ರಲ್ಲಿ 'ಸಿಂಪ್ಯೂಟರ್' ಎಂಬ ಅಂಗೈಯಗಲದ ಕಂಪ್ಯೂಟರ್ ಹೊರಬಂತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಕಂಪನಿಯ ವಿನಯ್ ದೇಶಪಾಂಡೆ ಮುಂತಾದವರ ಕೂಸು ಅದು. ಒಳಗೆ ಲಿನಕ್ಸ್, ಕೀಲಿಮಣೆ ಇಲ್ಲ, ತೆರೆಯನ್ನು ಮುಟ್ಟಿ ಬಳಸಬೇಕು. ಓದು ಬಾರದವರಿಗೂ ಉಪಯೋಗವಾಗಲೆಂದು ಕನ್ನಡ, ಹಿಂದಿಯನ್ನು ಗಟ್ಟಿಯಾಗಿ ಓದಿ ಹೇಳುವ 'ಧ್ವನಿ' ಎಂಬ ತಂತ್ರಾಂಶವನ್ನೂ ಸಿದ್ಧಪಡಿಸಿದರು. ಗುರಿಯಿಟ್ಟ ಬೆಲೆ ಸುಮಾರು 9,000 ರೂಪಾಯಿ. ಹಳ್ಳಿಗೆ ಒಂದು ಯಂತ್ರ, ಪ್ರತಿಯೊಬ್ಬರ ಕೈಯಲ್ಲಿ ಅವರವರ ಸ್ಮಾರ್ಟ್ ಕಾರ್ಡು. ಕಾರ್ಡು ತೂರಿಸಿದರೆ ಯಂತ್ರ ಆ ಹೊತ್ತಿಗೆ ಅವರದಾಗುತ್ತದೆ. ಎಂಟು ಜನರ ರೂಮಿನಲ್ಲಿ ಒಂದು ಕಂಪ್ಯೂಟರ್, ಎಂಟು ಪೆನ್‌ಡ್ರೈವ್ ಇಟ್ಟುಕೊಂಡು ಸರದಿ ಹಚ್ಚುತ್ತಿದ್ದ ನಮಗೆ ಆ ಯೋಚನೆ ಎಷ್ಟು ಪ್ರಾಯೋಗಿಕವಾದದ್ದು ಎಂದು ಯಾರೂ ವಿವರಿಸಬೇಕಾಗಿಲ್ಲ. 

2004ರಲ್ಲಿ ಬಿಇಎಲ್ ಕಾರ್ಖಾನೆಯಿಂದ 'ಅಮೀಡಾ' ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು. 50,000 ಮಾರುವ ನಿರೀಕ್ಷೆಯಿತ್ತು. ಹೋದದ್ದು 4,000ದ ಆಸುಪಾಸು. ಏಕೆ ಸೋತಿತು ಎಂಬುದಕ್ಕೆ ಹಲವರು ಹಲವು ಕಾರಣ ಹೇಳುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಮುಖ್ಯವಾದದ್ದು ಒಂದೇ: ಅದೇ ವರ್ಷಗಳಲ್ಲಿ ಮೊಬೈಲ್ ಫೋನಿನ ಬೆಲೆ ಇಳಿಯಿತು. ಊರಿನವರಿಗೆ ಮೊದಲು ಬೇಕಾಗಿದ್ದದ್ದು ಗಲ್ಫಿನಲ್ಲಿರುವ ಮಗನ ದನಿ, ಲೆಕ್ಕದ ಯಂತ್ರ ಆಮೇಲೆ. ಆದರೂ ಬೆಂಗಳೂರಿನ ಆ ಮೇಷ್ಟ್ರುಗಳ ಲೆಕ್ಕ ತಪ್ಪಿತ್ತು ಎನ್ನಲು ನಮಗೆ ಮನಸ್ಸಿಲ್ಲ. ತೆರೆ ಮುಟ್ಟಿ ಬಳಸುವ, ಒಳಗೆ ಲಿನಕ್ಸ್ ಇರುವ, ಕನ್ನಡ ಓದಿ ಹೇಳುವ ಅಂಗೈ ಯಂತ್ರ ಇವತ್ತು ಸಿತ್ರಾದ ಪ್ರತಿ ಮಂಚದ ತಲೆದಿಂಬಿನ ಪಕ್ಕ ಚಾರ್ಜಿಗೆ ಬಿದ್ದಿರುತ್ತದೆ. 2008ರಲ್ಲಿ ಮೊದಲ ಫೋನು ಬಂದ ಆಂಡ್ರಾಯ್ಡಿನ ತಿರುಳು ಲಿನಕ್ಸೇ. ಮೊದಮೊದಲ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಬರೀ ಚೌಕಗಳ ಸಾಲಾಗಿ ಕಾಣುತ್ತಿತ್ತು. ಕೆಲವೇ ವರ್ಷಗಳಲ್ಲಿ ಅಕ್ಷರವಾಯಿತು. ಊರಿನ ತಾಯಿ ಮತ್ತೆ ತಾನೇ ಓದಿಕೊಳ್ಳುವಂತಾಯಿತು.

ಕಂಪ್ಯೂಟರಿನ ಲಿನಕ್ಸಿನಲ್ಲೂ ಕನ್ನಡ ಬೆಳೆದಿದೆ. ಗುಬ್ಬಿ, ನವಿಲು, ಲೋಹಿತ್ ಎಂಬ ಮುಕ್ತ ಫಾಂಟುಗಳಿವೆ. ಕೀಲಿಮಣೆಯ ಪಟ್ಟಿ ತೆರೆದು ನೋಡಿದರೆ ಕನ್ನಡದ ಕೆಳಗೆ 'ಕಗಪ' ಎಂಬ ಆಯ್ಕೆ ಸಿಗುತ್ತದೆ. ಕನ್ನಡ ಗಣಕ ಪರಿಷತ್ತಿನ ಮೊದಲಕ್ಷರಗಳು ಅವು, ವಿನ್ಯಾಸದ ಬೇರು ಕೆ.ಪಿ. ರಾವ್ ಅವರದ್ದು. ಇನ್ನೂ ಕೆಳಗೆ ಹೋದರೆ ಹಿಂದಿ, ಮರಾಠಿ, ಸಂಸ್ಕೃತ, ತೆಲುಗಿನ ಕೆಳಗೂ ಅದೇ ಹೆಸರು. ಕಿನ್ನಿಕಂಬಳದ ಒಬ್ಬರು ಕನ್ನಡಕ್ಕೆಂದು ಯೋಚಿಸಿದ್ದು ಬೀಗ ಹಾಕದೆ ಬಿಟ್ಟದ್ದರಿಂದ ಅಷ್ಟು ದೂರ ಹೋಯಿತು.

ಇನ್ನು ಯಂತ್ರಾಂಶದ ಮಾತು. ಸಿತ್ರಾದ ಗಾಳಿಯಲ್ಲಿ ಉಪ್ಪೂ ಇದೆ, ಧೂಳೂ ಇದೆ. ಇಲ್ಲಿ ಕಂಪ್ಯೂಟರ್ ಸಾಯುವುದು ಮುಪ್ಪಿನಿಂದಲ್ಲ, ಫ್ಯಾನಿಗೆ ಧೂಳು ತುಂಬಿ, ಕಾವೇರಿ, ರ್‍ಯಾಮಿನ ಕಾಲುಗಳಿಗೆ ಕಿಲುಬು ಹಿಡಿದು. ಬ್ರಷ್ಷಿನಿಂದ ಗುಡಿಸಿ, ರ್‍ಯಾಮನ್ನು ರಬ್ಬರಿನಿಂದ ಉಜ್ಜಿ, ಪ್ರೊಸೆಸರಿಗೆ ಹೊಸ ಪೇಸ್ಟ್ ಹಚ್ಚಿದರೆ ಅರ್ಧಕ್ಕರ್ಧ ಎದ್ದು ಕೂರುತ್ತವೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲು ಬೆಂಬಲ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು, ಹೊಸ ಪೀಳಿಗೆಯ ಪ್ರೊಸೆಸರ್ ಇರಬೇಕು. ಹೀಗಾಗಿ ಚೆನ್ನಾಗಿ ಓಡುವ ಲ್ಯಾಪ್‌ಟಾಪುಗಳು ಆಫೀಸುಗಳಿಂದ ಗುಜರಿಗೆ ಬರುತ್ತಿವೆ. ಇದು ನಮಗೆ ಕಸವಾಗಿ ಕಾಣುವುದಿಲ್ಲ. 4 ಜಿಬಿ ರ್‍ಯಾಮ್ ಇದ್ದರೂ ಸಾಕು, ಹಾರ್ಡ್‌ಡಿಸ್ಕ್ ತೆಗೆದು ಒಂದು ಚಿಕ್ಕ ಎಸ್‌ಎಸ್‌ಡಿ ಹಾಕಿ, ಲಿನಕ್ಸ್ ಮಿಂಟಿನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಕೂರಿಸಿದರೆ ಇನ್ನೂ ನಾಲ್ಕೈದು ವರ್ಷ ದುಡಿಯುತ್ತದೆ. ಪಾಸ್‌ಪೋರ್ಟ್, ಸಿಪಿಆರ್ ಪ್ರತಿ ತೆಗೆಯುವುದು, ಬಯೋಡೇಟಾ ಬರೆಯುವುದು, ಮಕ್ಕಳ ಜೊತೆ ವಿಡಿಯೋ ಕರೆ, ಎಲ್ಲವೂ ಆಗುತ್ತದೆ. ಆಗದ್ದೂ ಇದೆ: ಆಟೋಕ್ಯಾಡ್ ಕಲಿಯುವವರಿಗೆ, ಕಂಪನಿಯ ಕೆಲವು ತಂತ್ರಾಂಶ ಬೇಕಾದವರಿಗೆ ವಿಂಡೋಸೇ ಬೇಕು. ಅವರಿಗೆ ಲಿನಕ್ಸ್ ಹಾಕಿಸಿಕೊಳ್ಳಿ ಎಂದು ನಾವು ಗಂಟು ಬೀಳುವುದಿಲ್ಲ. ಆದರೆ ಕಳ್ಳ ಸಿಡಿಯ ವಿಂಡೋಸ್ ಹಾಕಿ, ಅದರ ಜೊತೆ ಬಂದ ವೈರಸ್ಸಿಗೆ ಬ್ಯಾಂಕಿನ ಪಾಸ್‌ವರ್ಡ್ ಒಪ್ಪಿಸುವುದಕ್ಕಿಂತ ಇದು ಮೇಲು ಎಂದು ಹೇಳದೆ ಬಿಡುವವರೂ ಅಲ್ಲ.

ಈಗ ನಮ್ಮ ಮನೆಯದೇ ವಿಷಯ. ಸಂಘದ ಹಳೆಯ ಸಂಚಿಕೆಗಳ ಕಡತಗಳು ಫ್ಲಾಪಿ, ಸಿಡಿಗಳಲ್ಲಿ ಇವೆ. ಎಲ್ಲವೂ ಆ ಹಳೆಯ ವೇಷದ ಫಾಂಟುಗಳಲ್ಲಿ. ಅದರಲ್ಲಿ ಬರೆದವರಲ್ಲಿ ಹಲವರು ಊರಿಗೆ ಮರಳಿದ್ದಾರೆ, ಕೆಲವರು ತೀರಿಕೊಂಡಿದ್ದಾರೆ. ವೆಲ್ಡರು, ಡ್ರೈವರು, ಅಡುಗೆಯವರು, ಸ್ಟೋರ್ ಕೀಪರುಗಳು ಬರೆದ ಲೇಖನ, ಕವಿತೆಗಳವು, ಬೇರೆಲ್ಲೂ ಅಚ್ಚಾಗಿಲ್ಲ. ಇವನ್ನು ಯೂನಿಕೋಡಿಗೆ ಬದಲಿಸುವ ಮುಕ್ತ ತಂತ್ರಾಂಶಗಳನ್ನು ಕನ್ನಡದ ಹುಡುಗರೇ ಬರೆದಿಟ್ಟಿದ್ದಾರೆ. ಆದರೂ ಅರ್ಕಾವತ್ತು, ಒತ್ತಕ್ಷರ ಕೆಲವೆಡೆ ಜಾಗ ತಪ್ಪುತ್ತವೆ. 'ಅರ್ಥ' ಹೋಗಿ ಬೇರೇನೋ ಆಗುತ್ತದೆ. ಸಾಲು ಸಾಲಾಗಿ ಕಣ್ಣಿಟ್ಟು ತಿದ್ದಬೇಕು. ಶುಕ್ರವಾರ ಮಧ್ಯಾಹ್ನ ಊಟವಾದ ಮೇಲೆ ಸಿತ್ರಾದ ಒಂದು ರೂಮಿನಲ್ಲಿ, ಗುಜರಿಯಿಂದ ಎದ್ದುಬಂದ ಎರಡು ಲ್ಯಾಪ್‌ಟಾಪುಗಳ ಮೇಲೆ ಈ ಕೆಲಸ ನಡೆಯುತ್ತಿದೆ. ಒಬ್ಬರು ಅಚ್ಚಾದ ಪ್ರತಿ ಓದುತ್ತಾರೆ, ಇನ್ನೊಬ್ಬರು ತೆರೆಯ ಮೇಲೆ ತಿದ್ದುತ್ತಾರೆ.

ಫ್ಲಾಪಿಗಳು ಕೆಲವು ಓದಿಸಿಕೊಂಡವು, ಕೆಲವಕ್ಕೆ ಬೂಷ್ಟು ಹಿಡಿದಿದೆ. ಹೀಗೆ ಕಡತ ಹೋದ ಸಂಚಿಕೆಗಳನ್ನು ಅಚ್ಚಿನ ಪ್ರತಿಯಿಂದಲೇ ಮತ್ತೆ ಟೈಪ್ ಮಾಡಬೇಕು. ರಜೆಗೆ ಊರಿಗೆ ಹೋಗುವವರು ಮನೆಯ ಅಟ್ಟ, ಕಪಾಟು ಒಮ್ಮೆ ನೋಡಿ. ತೊಂಬತ್ತರ ದಶಕದ ಯಾವ ಸಂಚಿಕೆ ಸಿಕ್ಕರೂ, ರಕ್ಷಾಪುಟ ಹರಿದಿದ್ದರೂ ಪರವಾಗಿಲ್ಲ, ಬರುವಾಗ ಬ್ಯಾಗಿನಲ್ಲಿ ಹಾಕಿಕೊಂಡು ಬನ್ನಿ.